ದೋರಸಮುದ್ರಕ್ಕೆ ಅರಸರ ಬಾಗಿಲಿಂದ: ಹಳೇಬೀಡು, ಬೇಲೂರಿನಲ್ಲಿ ಒಂದು ದಿನ ಕಳೆಯುವ ಬಗೆ

ಹಳೇಬೀಡಿಗೆ ಬರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ದೇವಸ್ಥಾನ ನೋಡಲು ಬರುತ್ತಾರೆ. ರಾಜಧಾನಿ ನೋಡಲು ಬರುವವರು ಅಪರೂಪ. ಕಾರು ನಿಲ್ಲಿಸಿ, ಚಪ್ಪಲಿ ಬಿಟ್ಟು, ಎದುರಿಗೆ ಸಿಕ್ಕ ಉತ್ತರದ ಬಾಗಿಲಿಂದ ಒಳಗೆ ಹೋಗಿ, ಎರಡು ಲಿಂಗಕ್ಕೆ ಕೈಮುಗಿದು, ಗೋಡೆಯನ್ನೊಂದು ಸುತ್ತು ಹಾಕಿ, ಎಳನೀರು ಕುಡಿದು ಮುಕ್ಕಾಲು ಗಂಟೆಯೊಳಗೆ ಬೇಲೂರಿನ ದಾರಿ ಹಿಡಿಯುತ್ತಾರೆ. ಆಗ ದೋರಸಮುದ್ರವೆಂದು ಕರೆಯುತ್ತಿದ್ದ ಈ ಊರಿಂದ ಹೊಯ್ಸಳರು ಇನ್ನೂರು ವರ್ಷಕ್ಕೂ ಮೇಲ್ಪಟ್ಟು ನಾಡಾಳಿದರು ಅನ್ನುವುದು ಗೈಡಿನ ಬಾಯಿಂದ ಒಂದು ವಾಕ್ಯವಾಗಿ ಬಂದು ಹೋಗುತ್ತದೆ, ಅಷ್ಟೆ.

ಈ ಬರಹ ಅದೇ ಜಾಗಗಳನ್ನು ಅರಸರ ಊರಾಗಿ ನೋಡಬೇಕೆನ್ನುವವರಿಗೆ. ಹಾಸನದಲ್ಲಿ ಉಳಿದು ಬೆಳಿಗ್ಗೆ ಹೊರಟು ಸಂಜೆ ಮರಳುವ ಲೆಕ್ಕ. ಚಿಕ್ಕಮಗಳೂರಿನಿಂದ ಬರುವವರಿಗೆ ಬೇರೆ ಸುತ್ತು ಇದೆ, ಅದನ್ನು ಕೊನೆಯಲ್ಲಿ ಹೇಳಿದೆ.

ಮೊದಲು ಒಂದು ನಿರಾಸೆಯನ್ನು ಮನೆಯಲ್ಲೇ ಮುಗಿಸಿಕೊಳ್ಳಿ

ಅರಮನೆ ಇಲ್ಲ. ಮೈಸೂರಿನ ಹಾಗೆ ದರ್ಬಾರ್ ಹಾಲ್, ಸಿಂಹಾಸನ, ದೀಪಾಲಂಕಾರ ಯಾವುದೂ ಇಲ್ಲ. ಮಕ್ಕಳಿಗೆ "ರಾಜರ ಊರಿಗೆ ಹೋಗೋಣ" ಅಂತ ಹೇಳಿ ಕರೆತಂದರೆ ಮೊದಲು ಬರುವ ಪ್ರಶ್ನೆಯೇ "ಅರಮನೆ ಎಲ್ಲಿ?" ಎಂಬುದು. ಉತ್ತರ ಸಿದ್ಧವಿರಲಿ. ಆ ಕಾಲದಲ್ಲಿ ಕಲ್ಲು ದೇವರ ಮನೆಗೆ; ಅರಸರ ಮನೆಗೆ ಹೆಚ್ಚಾಗಿ ಮರ, ಇಟ್ಟಿಗೆ, ಗಾರೆ. ಅದು ಬೆಂಕಿಗೂ ಮಳೆಗೂ ಬೇಗ ತುತ್ತಾಗುತ್ತದೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, 1327ರ ಸುಮಾರಿಗೆ ತುಘಲಕರ ಸೇನೆ ಬಂತು. ಮೂರನೇ ಬಲ್ಲಾಳ ಆಮೇಲೆ ತಿರುವಣ್ಣಾಮಲೆಯ ಕಡೆಗೆ ನೆಲೆ ಬದಲಿಸಿದ. ಜನ ಚದುರಿದರು. ಬಿಟ್ಟುಹೋದ ಬೀಡು ಹಳೇಬೀಡಾಯಿತು. ಅರಮನೆಯ ಜಾಗವೆಂದು ಗುರುತಿಸುವಲ್ಲಿ ಈಗ ಕಾಣುವುದು ದಿಬ್ಬ, ಅಡಿಪಾಯದ ಸಾಲು, ಅಲ್ಲಲ್ಲಿ ಕೋಟೆಗೋಡೆಯ ತುಂಡು. ಪುರಾತತ್ವದಲ್ಲಿ ಆಸಕ್ತಿ ಇದ್ದವರಿಗೆ ಸರಿ. ಉಳಿದವರು ಅದನ್ನು ಹುಡುಕಿಕೊಂಡು ಬಿಸಿಲಲ್ಲಿ ಅಲೆಯುವುದು ಬೇಡ.

ಹಾಗಾದರೆ ಅರಸರದ್ದು ಎಂದು ನೋಡುವುದೇನು? ಕೆರೆ, ಅರಸ ಒಳಬರುತ್ತಿದ್ದನೆನ್ನುವ ಬಾಗಿಲು, ಅರಸನಿಗಾಗಿ ಸತ್ತವರ ಕಂಬ, ರಾಣಿಯರು ಕಟ್ಟಿಸಿದ ಗುಡಿಗಳು, ಕಲ್ಲಿನಲ್ಲಿ ಕೂತಿರುವ ಒಡ್ಡೋಲಗ, ಅಂದರೆ ರಾಜಸಭೆ. ಒಂದು ದಿನಕ್ಕೆ ಇಷ್ಟು ಧಾರಾಳ.

ದಿನ ಆರಿಸುವುದು

ಶುಕ್ರವಾರ ಬೇಡ. ಹಳೇಬೀಡಿನ ದೇವಸ್ಥಾನದ ಆವರಣದಲ್ಲಿರುವ ಪುರಾತತ್ವ ಇಲಾಖೆಯ ಮ್ಯೂಸಿಯಂ ಅಂದು ಮುಚ್ಚಿರುತ್ತದೆ. ಶನಿವಾರ, ಭಾನುವಾರ ಬೆಂಗಳೂರಿನ ಗಾಡಿಗಳು ಹತ್ತೂವರೆಯ ನಂತರ ಸಾಲುಗಟ್ಟುತ್ತವೆ. ಬೆಂಗಳೂರು ಇಲ್ಲಿಂದ 200 ಕಿಲೋಮೀಟರಿಗೂ ಹೆಚ್ಚು, ಬೆಳಿಗ್ಗೆ ಹೊರಟವರು ತಲುಪುವುದೇ ಆ ಹೊತ್ತಿಗೆ. ನೀವು ಹಾಸನದಲ್ಲೇ ಉಳಿದಿದ್ದರೆ ಅದಕ್ಕೆ ಮುಂಚಿನ ಮೂರು ಗಂಟೆ ನಿಮ್ಮದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದವು, ಜನ ಕಡಿಮೆಯಾಗುವ ಲಕ್ಷಣವೇನೂ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು. ಒಂದು ಬಸ್ಸಿನ ಮಕ್ಕಳು ನವರಂಗಕ್ಕೆ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪಕ್ಕೆ) ನುಗ್ಗಿದರೆ ಹತ್ತು ನಿಮಿಷ ಹೊರಗೆ ನಿಂತುಬಿಡಿ, ಅವರು ಅಷ್ಟೇ ಬೇಗ ಹೊರಡುತ್ತಾರೆ.

ಚೈತ್ರದಲ್ಲಿ ಬೇಲೂರಿನ ಚೆನ್ನಕೇಶವನ ತೇರು. ತೇರು ನೋಡುವುದೇ ಉದ್ದೇಶವಾದರೆ ಆ ದಿನ ಬನ್ನಿ. ಶಿಲ್ಪ ನೋಡಲು ಮಾತ್ರ ಆ ದಿನ ಬರಬೇಡಿ.

ಬೆಳಕಿನ ಲೆಕ್ಕ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಹೇಳಬೇಕು. ಹಳೇಬೀಡು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆಗ ದಕ್ಷಿಣದ ಬಾಗಿಲು ನೆರಳಲ್ಲಿ ಮಂಕಾಗುತ್ತದೆ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಅದೇ ಬಾಗಿಲಿಗೆ ಇಡೀ ದಿನ ಓರೆಬಿಸಿಲು. ನಮ್ಮ ಯೋಜನೆಯ ಮುಖ್ಯ ಜಾಗವೇ ದಕ್ಷಿಣದ ಬಾಗಿಲು. ಆದ್ದರಿಂದ ಚಳಿಗಾಲವೇ ಮೇಲು. ಮಾರ್ಚ್, ಏಪ್ರಿಲಿನಲ್ಲಿ ಹನ್ನೊಂದರ ಮೇಲೆ ಬರಿಗಾಲಲ್ಲಿ ಆ ಕಲ್ಲಿನ ಮೇಲೆ ನಿಲ್ಲಲಾಗದು.

ಗಾಡಿ, ಬಸ್ಸು, ದೂರ

ಹಾಸನದಿಂದ ಹಳೇಬೀಡು ಸುಮಾರು 31 ಕಿಲೋಮೀಟರ್. ಹಳೇಬೀಡಿನಿಂದ ಬೇಲೂರು 16. ಬೇಲೂರಿನಿಂದ ಹಾಸನ 39ರ ಆಸುಪಾಸು. ಒಟ್ಟು ಸುತ್ತು 90 ಕಿಲೋಮೀಟರಿನೊಳಗೆ. ಬಾಡಿಗೆ ಕಾರು ಮಾತಾಡುವಾಗ ಇದನ್ನು ನೆನಪಿಡಿ: ಹೊರಊರಿನ ಲೆಕ್ಕದಲ್ಲಿ ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಹಿಡಿಯುತ್ತಾರೆ, ನೀವು ಓಡಿಸುವುದು ಅದರ ಅರ್ಧವೂ ಆಗುವುದಿಲ್ಲ. ಹಾಸನದಲ್ಲೇ ಸ್ಥಳೀಯ ಗಾಡಿಯನ್ನು "ಎಂಟು ಗಂಟೆ, ನೂರು ಕಿಲೋಮೀಟರ್" ಎಂದು ಒಟ್ಟು ಮಾತಾಡಿಕೊಂಡರೆ ಉಳಿತಾಯ. ಪಾರ್ಕಿಂಗ್ ಯಾರ ಲೆಕ್ಕ, ಚಾಲಕರ ಊಟ ಯಾರ ಲೆಕ್ಕ ಎಂಬುದನ್ನು ಹೊರಡುವ ಮುಂಚೆಯೇ ಕೇಳಿ. ಸಂಜೆ ಆ ಮಾತು ತೆಗೆದರೆ ದಿನದ ರುಚಿ ಕೆಡುತ್ತದೆ.

ಬಸ್ಸಿನಲ್ಲಿ ಹೋಗುವವರಿಗೂ ಕಷ್ಟವಿಲ್ಲ. ಹಾಸನ ಬಸ್ ನಿಲ್ದಾಣದಿಂದ ಹಳೇಬೀಡಿಗೆ, ಅಲ್ಲಿಂದ ಬೇಲೂರಿಗೆ, ಬೇಲೂರಿನಿಂದ ಹಾಸನಕ್ಕೆ ಕೆಂಪು ಬಸ್ಸುಗಳಿವೆ. ಬೇಲೂರು–ಹಾಸನ ನಡುವೆ ಓಡಾಟ ಹೆಚ್ಚು, ಹಳೇಬೀಡಿನ ಕಡೆ ಕಡಿಮೆ. ಅದಕ್ಕೇ ಹಳೇಬೀಡನ್ನು ಬೆಳಿಗ್ಗೆ ಮುಗಿಸಿ ಸಂಜೆ ಬೇಲೂರಿನಿಂದ ಮರಳುವುದು ಬಸ್ಸಿನವರಿಗೆ ಸುರಕ್ಷಿತ. ತಿರುಗುಮುರುಗು ಮಾಡಿದರೆ ಕತ್ತಲಾಗುವ ಹೊತ್ತಿಗೆ ಹಳೇಬೀಡಿನ ಸರ್ಕಲ್‌ನಲ್ಲಿ ಬಸ್ಸಿಗಾಗಿ ಕಾಯುವ ಪಾಡು. ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಶಕ್ತಿ ಯೋಜನೆಯ ಟಿಕೆಟ್ ಸಿಗುತ್ತದೆ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಗೆ ಸಿಗುವಂತಿರಲಿ.

ಚೀಲದಲ್ಲಿ ಏನಿರಬೇಕು

ದಪ್ಪ ಹತ್ತಿಯ ಕಾಲುಚೀಲ ಒಬ್ಬರಿಗೆ ಎರಡು ಜೊತೆ. ಚಪ್ಪಲಿ ಹೊರಗೇ ಬಿಡಬೇಕು, ಕಾಲುಚೀಲಕ್ಕೆ ತಕರಾರಿಲ್ಲ. ಒಂದು ಜೊತೆ ಹಳೇಬೀಡಿನಲ್ಲೇ ಕೊಳೆಯಾಗಿ ಮುಗಿಯುತ್ತದೆ, ಬೇಲೂರಿಗೆ ಇನ್ನೊಂದು. ನೀರು ತಲೆಗೆ ಎರಡು ಲೀಟರ್. ಸಣ್ಣ ಟಾರ್ಚು: ಮೊಬೈಲಿನ ಬೆಳಕು ಹರಡಿಕೊಂಡು ಕೆತ್ತನೆಯನ್ನು ಚಪ್ಪಟೆ ಮಾಡುತ್ತದೆ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಗೆರೆಗೆರೆ ಎದ್ದು ಕಾಣುತ್ತದೆ. ಮನೆಯಲ್ಲಿ ದುರ್ಬೀನು ಇದ್ದರೆ ಮರೆಯಬೇಡಿ, ಬೇಲೂರಿನ ಮದನಿಕೆಯರು, ಅಂದರೆ ಶಿಲಾಬಾಲಿಕೆಯರು, ಸೂರಿನ ಕೆಳಗೆ ಎತ್ತರದಲ್ಲಿದ್ದಾರೆ. ಚಿಲ್ಲರೆ ಇರಲಿ, ಚಪ್ಪಲಿ ಸ್ಟ್ಯಾಂಡಿನಲ್ಲಿ ಎಲ್ಲರೂ ಐನೂರರ ನೋಟು ಚಾಚಿದರೆ ಗೊಣಗಾಟ ಶುರುವಾಗುತ್ತದೆ. ಟ್ರೈಪಾಡು, ಡ್ರೋನು ಮನೆಯಲ್ಲೇ ಇರಲಿ, ಅನುಮತಿಯಿಲ್ಲದೆ ಬಳಸುವಂತಿಲ್ಲ.

ಆರೂವರೆಗೆ ಹಾಸನ ಬಿಡುವುದು, ಮೊದಲು ಕೆರೆ

ಆರೂವರೆಗೆ ಹೊರಟರೆ ಏಳೂಕಾಲಿಗೆ ಹಳೇಬೀಡು. ಹೊಟ್ಟೆಗೆ ಬಾಳೆಹಣ್ಣು, ಬಿಸ್ಕತ್ತು ಏನಾದರೂ ಸಾಕು, ತಿಂಡಿ ಆಮೇಲೆ. ದೇವಸ್ಥಾನದ ಗೇಟಿಗೆ ಹೋಗುವ ಮುಂಚೆ ಕೆರೆಯ ದಡದಲ್ಲಿ ಐದು ನಿಮಿಷ ನಿಲ್ಲಿ. ದೋರಸಮುದ್ರ ಎಂಬ ಹೆಸರೇ ಈ ಕೆರೆಯದ್ದು. ಹೊಯ್ಸಳರಿಗೂ ಹಿಂದಿನದು, ರಾಷ್ಟ್ರಕೂಟರ ಕಾಲದ್ದು ಎನ್ನುತ್ತಾರೆ. ಊರಿಗೆ ನೀರು, ಗದ್ದೆಗೆ ನೀರು, ಒಂದು ದಿಕ್ಕಿಗೆ ತಾನೇ ಕಾವಲು: ಮಲೆನಾಡಿನ ಅಂಗಡಿ ಎಂಬ ಊರಿನಿಂದ ಇಳಿದು ಬಂದ ಮನೆತನವೊಂದು ಬೇಲೂರಿನಿಂದ ಮುಂದೆ ಬಂದು ಇಲ್ಲಿ ಬೀಡು ಬಿಡಲು ಬೇರೆ ಕಾರಣ ಹುಡುಕಬೇಕಿಲ್ಲ. ರಾಜಧಾನಿಯ ಎಲ್ಲ ಕಟ್ಟಡಗಳಿಗಿಂತ ಹೆಚ್ಚು ಬಾಳಿದ್ದು ಈ ನೀರೇ.

ದೇವಸ್ಥಾನ: ಒಳಗೆ ಹೋಗಬೇಡಿ, ದಕ್ಷಿಣಕ್ಕೆ ತಿರುಗಿ

ಇಲ್ಲಿ ಹೆಚ್ಚಿನವರು ತಪ್ಪುವುದು. ಎದುರಿಗೆ ಕಾಣುವ ಉತ್ತರದ ಬಾಗಿಲಿಂದ ಒಳಗೆ ಹೋದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವಷ್ಟರಲ್ಲಿ ಗುಂಪು ತಳ್ಳುತ್ತದೆ, ಮತ್ತೆ ಹೊರಬಂದ ಮೇಲೆ ಯಾವ ದಿಕ್ಕಿನಲ್ಲಿದ್ದೇವೆ ಎಂಬುದೇ ಮರೆಯುತ್ತದೆ. ಗುಡಿಯನ್ನು ಬಲಕ್ಕಿಟ್ಟುಕೊಂಡು ಪೂರ್ವಕ್ಕೆ ಬಂದು, ನಂದಿ ಮಂಟಪಗಳ ಮುಂದಿನಿಂದ ದಕ್ಷಿಣಕ್ಕೆ ಹೋಗಿ. ಬೆಳಗಿನ ಬಿಸಿಲು ಪೂರ್ವದ ಎರಡೂ ಬಾಗಿಲುಗಳ ಮೇಲೆ ಬಿದ್ದಿರುತ್ತದೆ, ಅದನ್ನು ನೋಡಿಕೊಂಡೇ ಸಾಗಬಹುದು. ತೆಂಕಣ ನಂದಿಯ ಹಿಂದಿನ ಸಣ್ಣ ಗುಡಿಯಲ್ಲಿ ಆಳೆತ್ತರ ಮೀರಿದ ಸೂರ್ಯನಿದ್ದಾನೆ, ಬಹಳಷ್ಟು ಜನ ನಂದಿಯ ಫೋಟೋ ತೆಗೆದು ಅವನನ್ನು ನೋಡದೆ ಹೋಗುತ್ತಾರೆ.

ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗರ್ಭಗುಡಿಗಳ ಈ ಗುಡಿಯ ಕೆಲಸ ವಿಷ್ಣುವರ್ಧನನ ಕಾಲದಲ್ಲಿ, 1121ರ ಹೊತ್ತಿಗೆ, ಅವನ ಅಧಿಕಾರಿ ಕೇತಮಲ್ಲನ ಮುಂದಾಳತ್ವದಲ್ಲಿ ಶುರುವಾಯಿತು. ಒಂದು ಹೆಸರು ಅರಸನದು, ಇನ್ನೊಂದು ರಾಣಿ ಶಾಂತಲೆಯದು. ನಾಲ್ಕು ಬಾಗಿಲುಗಳಲ್ಲಿ ದಕ್ಷಿಣದ್ದೇ ಅತಿ ಸಿಂಗಾರದ್ದು. ಅರಮನೆ ಇದ್ದದ್ದು ಆ ಕಡೆಗೆ, ಆದ್ದರಿಂದ ಅರಸ ಬರುತ್ತಿದ್ದದ್ದು ಈ ಬಾಗಿಲಿಂದ ಎನ್ನುವುದು ವಿದ್ವಾಂಸರ ಮಾತು. ನಿಂತು ನೋಡಿದರೆ ನಂಬಲು ಕಷ್ಟವಾಗುವುದಿಲ್ಲ. ಎರಡೂ ಪಕ್ಕ ಮೈತುಂಬ ಒಡವೆ ಹೊತ್ತ ದ್ವಾರಪಾಲಕರು. ಅವರ ಕೊರಳಿನ ಹಾರ ಕಲ್ಲಿನಿಂದ ಬಿಡಿಸಿಕೊಂಡು ನಿಂತಿದೆ, ಹಿಂದೆ ಬೆಳಕು ತೂರುವಷ್ಟು ಜಾಗ ಬಿಟ್ಟು ಕೆತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಎರಡು ಮಕರಗಳ ನಡುವೆ ಕುಣಿಯುವ ಶಿವ. ಇಷ್ಟು ಸಣ್ಣ ಕೆಲಸ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ನೆಲದಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಮುಟ್ಟಿ ನೋಡುವ ಆಸೆಯಾಗುತ್ತದೆ, ಮುಟ್ಟಬೇಡಿ. ಕೈಯೆತ್ತರದಲ್ಲಿರುವ ಶಿಲ್ಪಗಳೆಲ್ಲ ಎಣ್ಣೆಗಪ್ಪಾಗಿರುವುದು ನಮ್ಮ ಕೈಗಳಿಂದಲೇ.

ಈ ಬಾಗಿಲಿಂದ ಒಳಗೆ ಹೋಗಿ ಪೂಜೆ ಮುಗಿಸಿ ಇಲ್ಲಿಂದಲೇ ಹೊರಬನ್ನಿ. ಆಮೇಲೆ ಹೊರಗೋಡೆ.

ಗೋಡೆಯಲ್ಲಿ ಅರಸನನ್ನು ಹುಡುಕುವುದು

ಸಾವಿರಾರು ಶಿಲ್ಪಗಳ ನಡುವೆ ದೇವರು ಯಾರು, ದೊರೆ ಯಾರು ಅನ್ನುವುದು ಸುಲಭ. ಕೈ ಎಣಿಸಿ. ನಾಲ್ಕೋ ಅದಕ್ಕಿಂತ ಹೆಚ್ಚೋ ಇದ್ದರೆ ದೇವರು. ಎರಡೇ ಕೈ, ತಲೆಯ ಮೇಲೆ ಸತ್ತಿಗೆ (ಕೊಡೆ), ಪಕ್ಕದಲ್ಲಿ ಚಾಮರ ಬೀಸುವವರು, ಕಾಲು ಮಡಿಚಿ ನಿರಾಳವಾಗಿ ಕೂತ ಭಂಗಿ, ಎದುರಿಗೆ ಗಡ್ಡದ ಗುರು ಅಥವಾ ಕತ್ತಿ ಹಿಡಿದ ದಂಡನಾಯಕ ಇದ್ದರೆ ಅದು ಒಡ್ಡೋಲಗ. ಪಕ್ಕದಲ್ಲಿ ಸಣ್ಣ ಚೀಲ ಹಿಡಿದು ನಿಂತವಳು ಅಡಪದವಳು, ದೊರೆಗೆ ವೀಳ್ಯ ಕೊಡುವವಳು. ಎಚ್ಚರಿಕೆ ಒಂದೇ: ರಾಮ, ಅರ್ಜುನ, ಕರ್ಣರಿಗೂ ಎರಡೇ ಕೈ. ಬಿಲ್ಲು, ರಥ, ಮಂಗ ಕಂಡರೆ ಅದು ರಾಮಾಯಣ, ಭಾರತದ ಪಟ್ಟಿ.

ತಳದಿಂದ ಮೇಲಕ್ಕೆ ಪಟ್ಟಿಗಳ ಸಾಲನ್ನೂ ನೋಡಿ: ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಕಥೆಯ ಸಾಲು, ಮಕರ, ಹಂಸ. ಆನೆ, ಕುದುರೆ ಎರಡೂ ಸೇನೆಯ ಅಂಗಗಳು ಎಂಬುದನ್ನು ನೆನೆದರೆ ಇಡೀ ಗುಡಿ ದಂಡಿನ ಮೇಲೆ ಕೂತ ಹಾಗೆ ಕಾಣುತ್ತದೆ. ಮಕ್ಕಳು ಜೊತೆಗಿದ್ದರೆ ಸವಾರನಿಲ್ಲದ ಆನೆ ಹುಡುಕಲು ಹೇಳಿ. ಅರ್ಧ ಗಂಟೆ ಅವರ ಸದ್ದಿರುವುದಿಲ್ಲ.

ಪಶ್ಚಿಮದ ಗೋಡೆಯ ದೊಡ್ಡ ಶಿಲ್ಪಗಳು ಬೆಳಿಗ್ಗೆ ನೆರಳಿನಲ್ಲಿರುತ್ತವೆ. ಕಣ್ಣಿಗೆ ಅದು ಹಿತ, ಕ್ಯಾಮೆರಾಕ್ಕೆ ಸಪ್ಪೆ. ಫೋಟೋವೇ ಮುಖ್ಯವಾದರೆ ಇಡೀ ಯೋಜನೆ ತಿರುಗಿಸಿ: ಬೆಳಿಗ್ಗೆ ಬೇಲೂರು, ಮೂರು ಗಂಟೆಯ ಮೇಲೆ ಹಳೇಬೀಡು. ನಮ್ಮ ಶಿಫಾರಸು ಮಾತ್ರ ಹಳೇಬೀಡೇ ಮೊದಲು, ಏಕೆಂದರೆ ಇಲ್ಲಿ ನಡಿಗೆ ಹೆಚ್ಚು, ಕಾಲಿನ ಕಸುವು ಬೆಳಿಗ್ಗೆಯೇ ಇರುವುದು. ಮಂಡಿನೋವಿನ ಹಿರಿಯರು ಜಗತಿ (ಗುಡಿ ನಿಂತಿರುವ ಎತ್ತರದ ಕಟ್ಟೆ) ಹತ್ತಲೇಬೇಕೆಂದಿಲ್ಲ, ಕೆಳಗಿನ ಅಂಗಳದಿಂದಲೇ ಒಂದು ಸುತ್ತು ಹಾಕಿದರೂ ಮುಕ್ಕಾಲು ಪಾಲು ಕಾಣುತ್ತದೆ. ಮಳೆಗಾಲದಲ್ಲಂತೂ ಪಾಚಿಗಟ್ಟಿದ ಕಲ್ಲು ಜಾರುತ್ತದೆ, ಒಂದು ಕೈ ಖಾಲಿ ಇಟ್ಟುಕೊಳ್ಳಿ.

ಗರುಡಗಂಬದ ಹತ್ತಿರ ಹತ್ತು ನಿಮಿಷ

ದಕ್ಷಿಣದ ಅಂಗಳದಲ್ಲೇ ಒಂಟಿ ಕಂಬವೊಂದಿದೆ. ದೀಪದ ಕಂಬವೆಂದುಕೊಂಡು ಜನ ಅದರ ನೆರಳಲ್ಲಿ ನಿಂತು ನೀರು ಕುಡಿಯುತ್ತಾರೆ. ಹತ್ತಿರ ಹೋಗಿ ನೋಡಿ. ಕಂಬದ ಸುತ್ತ ಸಣ್ಣ ಸಣ್ಣ ಆಳುಗಳು ಕತ್ತಿ ಹಿಡಿದು ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುತ್ತಿದ್ದಾರೆ.

ಗರುಡರು ಎಂದರೆ ದೊರೆಯ ಪ್ರಾಣಕ್ಕೆ ಪ್ರಾಣ ಕೊಡುವ ಭಾಷೆ ಮಾಡಿದ ಅಂಗರಕ್ಷಕರು. ದೊರೆ ಹೇಗೆ ಸತ್ತರೂ ಸರಿ, ಅವನ ನಂತರ ಅವರು ಬದುಕುವಂತಿಲ್ಲ. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ, ಜೊತೆಯ ಗರುಡರು ಆ ಭಾಷೆ ನಡೆಸಿದರು. ಕಂಬದ ಮೇಲಿನ ಹಳೆಗನ್ನಡ ಶಾಸನ ಆ ಕಥೆಯನ್ನೇ ಹೇಳುತ್ತದೆ. ಮೆಚ್ಚಬೇಕೋ ಬೆಚ್ಚಬೇಕೋ ತಿಳಿಯದ ಜಾಗ ಇದು. ಚಿಕ್ಕ ಮಕ್ಕಳಿಗೆ ಎಷ್ಟು ಹೇಳಬೇಕು ಎಂಬುದು ನಿಮಗೆ ಬಿಟ್ಟದ್ದು. ಆದರೆ ರಾಜಧಾನಿ ಎಂಬುದು ಬರೀ ಸತ್ತಿಗೆ, ಚಾಮರ ಅಲ್ಲ ಅನ್ನುವುದು ಇಲ್ಲಿ ತಿಳಿಯುವಷ್ಟು ಬೇರೆಲ್ಲೂ ತಿಳಿಯದು.

ಶಾಸನ ಓದುವ ಪ್ರಯತ್ನ ಮಾಡಿ. ಎಲ್ಲ ಬಾರದು, ಆದರೆ "ಶ್ರೀ" ಬೇಗ ಸಿಗುತ್ತದೆ, ಕೆಲವು ಅಕ್ಷರ ಈಗಿನಂತೆಯೇ ಇವೆ. ಹೊಯ್ಸಳ ಶಾಸನಗಳಲ್ಲಿ ಪದೇಪದೇ ಬರುವ ಬಿರುದುಗಳು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು: "ಮಲೆಪರೊಳ್ ಗಂಡ" ಮನೆತನದ್ದು, "ತಲಕಾಡುಗೊಂಡ" ಚೋಳರಿಂದ ತಲಕಾಡು ಗೆದ್ದ ವಿಷ್ಣುವರ್ಧನನಿಂದ ಬಂದದ್ದು, "ಶನಿವಾರಸಿದ್ಧಿ ಗಿರಿದುರ್ಗಮಲ್ಲ" ಇಮ್ಮಡಿ ಬಲ್ಲಾಳನಿಂದ ಬಂದದ್ದು. ಶಾಸನ "ನಮಸ್ತುಂಗ ಶಿರಶ್ಚುಂಬಿ" ಎಂದು ಶುರುವಾದರೆ ಶೈವರದು, "ಶ್ರೀಮತ್ಪರಮಗಂಭೀರ" ಎಂದಾದರೆ ಜೈನರದು. ಈ ಎರಡು ಸಾಲು ಬಾಯಿಪಾಠವಿದ್ದರೆ ಸಾಕು, ಜಿಲ್ಲೆಯ ಯಾವ ಹಳ್ಳಿಯ ಕಲ್ಲಿನ ಮುಂದೆಯೂ ನಾಲ್ಕು ಮಾತಾಡಬಹುದು.

ಗೈಡು ಬೇಕಾದರೆ ಗುರುತಿನ ಚೀಟಿ ಇರುವವರನ್ನು ಹಿಡಿಯಿರಿ. ದರವನ್ನೂ ಎಷ್ಟು ಹೊತ್ತು ಎಂಬುದನ್ನೂ ಮುಂಚೆಯೇ ಮಾತಾಡಿ. "ದಕ್ಷಿಣದ ಬಾಗಿಲು, ಗರುಡಗಂಬ, ಒಡ್ಡೋಲಗದ ಶಿಲ್ಪ ಇಷ್ಟು ಬೇಕು" ಎಂದು ಕೇಳಿದರೆ ಒಳ್ಳೆಯ ಗೈಡಿನ ಮುಖ ಅರಳುತ್ತದೆ. ದಿನವಿಡೀ ಒಂದೇ ಪಾಠ ಒಪ್ಪಿಸಿ ಅವರಿಗೂ ಸಾಕಾಗಿರುತ್ತದೆ.

ಒಂಬತ್ತರಿಂದ ಹನ್ನೊಂದೂಕಾಲು

ಒಂಬತ್ತಕ್ಕೆ ಮ್ಯೂಸಿಯಂ ಬಾಗಿಲು ತೆಗೆಯುತ್ತದೆ. ಅರ್ಧ ಗಂಟೆ ಸಾಕು. ಸುತ್ತಲ ಬಿದ್ದುಹೋದ ಗುಡಿಗಳಿಂದ ತಂದ ಶಿಲ್ಪಗಳು ಇಲ್ಲಿ ಕಣ್ಣೆತ್ತರದಲ್ಲಿವೆ, ಹಿಂಭಾಗವೂ ಕಾಣುತ್ತದೆ. ಆಮೇಲೆ ಎದುರಿನ ಹೋಟೆಲುಗಳಲ್ಲಿ ತಿಂಡಿ, ಕಾಫಿ. ಶೌಚಾಲಯದ ಕೆಲಸವನ್ನೂ ಇಲ್ಲೇ ಮುಗಿಸಿ, ಮುಂದಿನ ಎರಡು ಜಾಗದಲ್ಲಿ ನಂಬುವಂತಿಲ್ಲ.

ಅಲ್ಲಿಂದ ಬಸದಿಹಳ್ಳಿಗೆ ನಡೆದೇ ಹೋಗಬಹುದು. ಮೂರು ಬಸದಿಗಳಲ್ಲಿ ಪಾರ್ಶ್ವನಾಥನದನ್ನು 1133ರಲ್ಲಿ ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪದೇವ. ಹೊರಗೋಡೆ ಸಾದಾ, ಹಾಗಾಗಿ ಪ್ರವಾಸಿಗಳು ಬಾಗಿಲಲ್ಲೇ ಇಣುಕಿ ವಾಪಸಾಗುತ್ತಾರೆ. ಒಳಗಿನ ಕಂಬಗಳ ಮುಂದೆ ನಿಲ್ಲಿ. ಚಕ್ರದಲ್ಲಿ ತಿರುವಿ ಉಜ್ಜಿದ ಕಂಬಗಳು, ನಿಮ್ಮ ಆಕಾರ ಅದರಲ್ಲಿ ಕಾಣುತ್ತದೆ. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಇಟ್ಟರೆ ನೆರಳು ಉದ್ದವಾಗಿ, ಗಿಡ್ಡವಾಗಿ, ತಲೆಕೆಳಗಾಗಿ ಆಟವಾಡುತ್ತದೆ. ಟಾರ್ಚಿನ ಕೆಲಸ ಇಲ್ಲಿ.

ಈ ಬಸದಿಗೂ ಅರಸನಿಗೂ ನಂಟು ಹೇಳುವ ಶಾಸನವಿದೆ. ಪ್ರತಿಷ್ಠೆಯ ಪ್ರಸಾದ ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದಾಗ, ಯುದ್ಧ ಗೆದ್ದ ಸುದ್ದಿ, ಮಗ ಹುಟ್ಟಿದ ಸುದ್ದಿ ಎರಡೂ ಅದೇ ಹೊತ್ತಿಗೆ ಕೂಡಿಬಂದಿದ್ದವು. ದೊರೆ ಎದ್ದು ನಿಂತು ಪ್ರಸಾದ ತೆಗೆದುಕೊಂಡು, ದೇವರಿಗೆ ವಿಜಯಪಾರ್ಶ್ವ ಎಂದೂ ಮಗುವಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ. ವೈಷ್ಣವನಾದ ಮೇಲೆ ಅವನು ಜೈನರನ್ನು ಕಾಡಿದ ಎಂಬ ಕಥೆ ಯಾರಾದರೂ ಹೇಳಿದರೆ ಈ ಬಸದಿಯನ್ನು ತೋರಿಸಿ.

ಕೇದಾರೇಶ್ವರ ಇನ್ನಷ್ಟು ಮುಂದೆ. ಇಮ್ಮಡಿ ಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ ಕಟ್ಟಿಸಿದ್ದು, 1219ರ ಸುಮಾರಿನದು. ಗೋಪುರದಲ್ಲಿ ಬೇರುಬಿಟ್ಟ ಮರವನ್ನು ಹತ್ತೊಂಬತ್ತನೇ ಶತಮಾನದಲ್ಲಿ ಯಾರೂ ಕೀಳಲಿಲ್ಲ, ಅದು ಗೋಡೆಯನ್ನೇ ಸೀಳಿ ಕೆಡವಿತು. ಈಗಿರುವುದು ಬಿದ್ದ ಕಲ್ಲುಗಳನ್ನು ಜೋಡಿಸಿ ನಿಲ್ಲಿಸಿದ್ದು. ಜನವಿಲ್ಲ, ಹುಲ್ಲುಹಾಸಿದೆ, ಇಪ್ಪತ್ತು ನಿಮಿಷ ಕೂರಲು ಹೇಳಿ ಮಾಡಿಸಿದ ಜಾಗ. ಹನ್ನೊಂದೂಕಾಲಿಗೆ ಮಾತ್ರ ಏಳಲೇಬೇಕು.

ಬೇಲೂರಿಗೆ ಹನ್ನೆರಡರೊಳಗೆ

ಏಕೆಂದರೆ ಒಂದು ಗಂಟೆಯ ಹೊತ್ತಿಗೆ ಚೆನ್ನಕೇಶವನ ಗರ್ಭಗುಡಿ ಬಾಗಿಲು ಹಾಕುತ್ತದೆ, ಮತ್ತೆ ತೆಗೆಯುವುದು ಮೂರರ ಸುಮಾರಿಗೆ. ದಾರಿಯಲ್ಲಿ ಎಳನೀರಿಗೆ ನಿಂತು ತಡಮಾಡಿಕೊಂಡು ಬಂದು ಬಾಗಿಲ ಮುಂದೆ ಮುಖ ಸಪ್ಪೆ ಮಾಡಿ ಕೂತವರು ದಿನವೂ ಇರುತ್ತಾರೆ. ಹಾಗಾಗಿ ಇಲ್ಲಿ ಒಳಗಿನದು ಮೊದಲು, ಹೊರಗಿನದು ಊಟದ ನಂತರ.

ಎದುರಿನ ಗೋಪುರ ಹೊಯ್ಸಳರದಲ್ಲ, ವಿಜಯನಗರದ ಕಾಲದ್ದು. ಗುಡಿಯನ್ನು 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ, ದೇವರಿಗೆ ಅಂದು ಇಟ್ಟ ಹೆಸರು ವಿಜಯನಾರಾಯಣ. ಪೂರ್ವದ ಬಾಗಿಲ ಮೆಟ್ಟಿಲ ಎರಡೂ ಬದಿಗೆ ಹುಲಿಯನ್ನು ಇರಿಯುತ್ತಿರುವ ಸಳ. ಸೊಸೆವೂರಿನಲ್ಲಿ (ಈಗಿನ ಅಂಗಡಿ) ಗುರು ಸುದತ್ತಮುನಿ "ಹೊಯ್ ಸಳ" ಎಂದನೆಂಬ ಕಥೆ ಮಕ್ಕಳಿಗೆ ಪುಸ್ತಕದಿಂದ ಗೊತ್ತಿರುತ್ತದೆ. ಹೇಳಿಸಿ. ಅದೇ ಬಾಗಿಲ ಅಕ್ಕಪಕ್ಕದ ಜಾಲಂಧ್ರಗಳಲ್ಲಿ (ಕಲ್ಲಿನ ಜಾಲರಿಗಳಲ್ಲಿ) ಒಡ್ಡೋಲಗದ ದೃಶ್ಯ ಕೆತ್ತಿದೆ. ಬೆಳಿಗ್ಗೆ ಹಳೇಬೀಡಿನಲ್ಲಿ ಕಲಿತ ಕೈಯೆಣಿಕೆಯ ಲೆಕ್ಕ ಇಲ್ಲಿ ಪರೀಕ್ಷೆಗೆ ಬರುತ್ತದೆ: ಸಿಂಹಾಸನ, ರಾಣಿ, ಗುರು, ಚಾಮರದವರು, ಎಲ್ಲರೂ ಇದ್ದಾರೆ.

ಒಳಗೆ ನವರಂಗದ ನಡುವಿನ ದುಂಡನೆಯ ಹಾಸುಗಲ್ಲಿನ ಮೇಲೆ ಶಾಂತಲೆ ನರ್ತಿಸುತ್ತಿದ್ದಳೆಂದು ಊರವರ ನಂಬಿಕೆ. ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತಂತೆ. ಈಗ ತಿರುಗಿಸಲು ಹೋಗಬೇಡಿ. ತಲೆಯೆತ್ತಿ ನಡುವಿನ ಛತ್ತು ನೋಡಿ, ಕತ್ತು ನೋಯುವವರೆಗೆ.

ಊಟಕ್ಕೆ ದೇವಸ್ಥಾನದ ಸುತ್ತಮುತ್ತ ಸಾಲು ಹೋಟೆಲುಗಳಿವೆ. ಅಕ್ಕಿರೊಟ್ಟಿ ಸಿಕ್ಕರೆ ಬಿಡಬೇಡಿ. ಒಂದೂವರೆಯ ಮೇಲೆ ನೂಕುನುಗ್ಗಲು, ಒಂದಕ್ಕೇ ಕೂತುಬಿಡಿ.

ಎರಡರ ನಂತರ ಹೊರಗೋಡೆ. ಒಟ್ಟು 42 ಮದನಿಕೆಯರಲ್ಲಿ 38 ಹೊರಗೆ, ನಾಲ್ವರು ಒಳಗೆ. ಎಲ್ಲರನ್ನೂ ನೋಡುವ ಹಟ ಬೇಡ. ಗೋಡೆಯಿಂದ ಹತ್ತು ಹನ್ನೆರಡು ಅಡಿ ಹಿಂದೆ ನಿಂತು, ದುರ್ಬೀನಿನಲ್ಲಿ ಐದಾರು ಮಂದಿಯನ್ನು ಸಾವಕಾಶವಾಗಿ ನೋಡಿ. ಗೋಡೆಗೆ ಅಂಟಿಕೊಂಡು ಮೇಲೆ ನೋಡಿದರೆ ಗಲ್ಲ ಮಾತ್ರ ಕಾಣುತ್ತದೆ. ಕೆಲವರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೀಗೆ ಕೆತ್ತಿದವರ ಹೆಸರಿದೆ. ಅರಸನ ಗುಡಿಯ ಮೇಲೆ ಕೂಲಿಯವನ ರುಜು.

ಕಪ್ಪೆ ಚೆನ್ನಿಗರಾಯನ ಗುಡಿಯನ್ನು ಜಕಣಾಚಾರಿಯ ಕಪ್ಪೆಯ ಕಥೆ ಕೇಳಿ ಬಿಟ್ಟುಬಿಡುತ್ತಾರೆ. ನಮ್ಮ ದಿನಕ್ಕೆ ಅದು ಬೇರೆ ಕಾರಣಕ್ಕೆ ಮುಖ್ಯ: ದೊರೆ ದೊಡ್ಡ ಗುಡಿ ಕಟ್ಟಿಸುತ್ತಿದ್ದಾಗಲೇ ಪಕ್ಕದಲ್ಲಿ ಇದನ್ನು ಕಟ್ಟಿಸಿದವಳು ಶಾಂತಲೆ.

ಸಂಜೆ

ಮೂರೂಮುಕ್ಕಾಲಿಗೆ ಬೇಲೂರು ಬಿಟ್ಟರೆ ಹಾಸನದ ದಾರಿಯಲ್ಲಿ ಒಳಗೆ ತಿರುಗಿ ದೊಡ್ಡಗದ್ದವಳ್ಳಿ. ಸ್ವಂತ ಗಾಡಿಯವರಿಗೆ ಮಾತ್ರ ಈ ಸಲಹೆ. ಬಸ್ಸಿನವರು ನೇರ ಹಾಸನಕ್ಕೆ ಹೋಗಿ. ಕೆರೆಯ ದಡದ ಲಕ್ಷ್ಮೀದೇವಿ ಗುಡಿ ಬೇಲೂರಿಗಿಂತ ಮೂರ್ನಾಲ್ಕು ವರ್ಷ ಹಿರಿದು. ಕಟ್ಟಿಸಿದವರು ಅರಸರಲ್ಲ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿ, ಕಾಳಿಯ ಬಾಗಿಲಿಗೆ ಎಲುಬುಗೂಡಿನ ಬೇತಾಳರ ಕಾವಲು. ರಾಜಧಾನಿಯ ಸಿರಿ ಅರಮನೆಯೊಳಗೆ ಮಾತ್ರ ಇರಲಿಲ್ಲ ಅನ್ನುವುದಕ್ಕೆ ಇದನ್ನು ಸೇರಿಸಿದ್ದು. ಐದೂವರೆಯೊಳಗೆ ಮುಗಿಸಿ, ಕತ್ತಲಾದ ಮೇಲೆ ಒಳಗೇನೂ ಕಾಣದು.

ಮಾರನೆಯ ಬೆಳಿಗ್ಗೆ ಬಿಡುವಿದ್ದರೆ ಹಾಸನದ ಹತ್ತಿರದ ಕೋರವಂಗಲಕ್ಕೆ ಹೋಗಿಬನ್ನಿ. ಅಲ್ಲಿನ ಬೂಚೇಶ್ವರ ಗುಡಿಯನ್ನು 1173ರಲ್ಲಿ, ಇಮ್ಮಡಿ ಬಲ್ಲಾಳನ ಪಟ್ಟಾಭಿಷೇಕದ ಸಂಭ್ರಮಕ್ಕೆ ಬೂಚಿರಾಜ ಕಟ್ಟಿಸಿದ. ಗರುಡಗಂಬದಲ್ಲಿ ಯಾರ ಸಾವನ್ನು ಓದಿದಿರೋ ಅವನೇ ಪಟ್ಟಕ್ಕೇರಿದ ವರ್ಷದ ಗುಡಿ ಇದು.

ಚಿಕ್ಕಮಗಳೂರಿನಿಂದ ಬರುವವರಿಗೆ

ಬೇಲೂರು ನಿಮಗೆ 25 ಕಿಲೋಮೀಟರ್, ಆದರೆ ಅಲ್ಲಿಂದ ಶುರು ಮಾಡಬೇಡಿ. ಬೆಳವಾಡಿಯ ಮೇಲೆ ಬನ್ನಿ. ಬೆಳವಾಡಿ, ಹಳೇಬೀಡು, ಬೇಲೂರು, ಮರಳಿ ಚಿಕ್ಕಮಗಳೂರು: ಒಟ್ಟು 80 ಕಿಲೋಮೀಟರಿನ ಆಸುಪಾಸು. ಬೆಳವಾಡಿಯ ವೀರನಾರಾಯಣ ಇಮ್ಮಡಿ ಬಲ್ಲಾಳನ ಕಾಲದ್ದು, ಮೂರು ಗರ್ಭಗುಡಿ, ಸಾಲುಗಂಬಗಳ ವಿಶಾಲ ಮಂಟಪ. ಅಲ್ಲಿಗೆ ಎಂಟಕ್ಕೆ ಬಂದು ಒಂಬತ್ತಕ್ಕೆ ಹೊರಟರೆ ಹಳೇಬೀಡಿಗೆ ಒಂಬತ್ತೂವರೆ. ಆಗ ಕೇದಾರೇಶ್ವರಕ್ಕೂ ಬಸದಿಹಳ್ಳಿಗೂ ಸೇರಿ ಅರ್ಧ ಗಂಟೆ ಮಾತ್ರ ಸಿಗುತ್ತದೆ. ಎರಡರಲ್ಲಿ ಒಂದನ್ನು ಬಿಡಬೇಕಾದರೆ ಕೇದಾರೇಶ್ವರ ಬಿಡಿ. ಮೂಡಿಗೆರೆ ತಾಲ್ಲೂಕಿನ ಅಂಗಡಿಯನ್ನು, ಹೊಯ್ಸಳರ ಮೂಲದ ಊರೆಂಬ ಕಾರಣಕ್ಕೆ, ಇದೇ ದಿನಕ್ಕೆ ತುರುಕಬೇಡಿ. ಅದು ಬೇರೆ ದಿಕ್ಕು, ಕಾಫಿ ತೋಟದ ತಿರುವುಗಳ ದಾರಿ. ವಸಂತಿಕಾ ದೇವಿಯ ಗುಡಿಗೆ ಇನ್ನೊಂದು ಭಾನುವಾರ ಇಟ್ಟುಕೊಳ್ಳಿ.